ಹನ್ನೊಂದನೇ ವಿಷಯದ ಖಾಲಿ ಜಾಗ

ನಾನು ಪುರಸಭೆ ಸದಸ್ಯೆಯಾದದ್ದು ನನ್ನ ಆಸೆಯಿಂದಲ್ಲ. ನಮ್ಮ ವಾರ್ಡು ಆ ಸಲ ಮಹಿಳೆಗೆ ಮೀಸಲಾಯಿತು. ಎಷ್ಟೋ ವರ್ಷದಿಂದ ತಾವೇ ನಿಲ್ಲಬೇಕೆಂದು ಹಂಬಲಿಸುತ್ತಿದ್ದ ನಮ್ಮ ಯಜಮಾನರು ಕೊಬ್ಬರಿ ಮಂಡಿಯಿಂದ ಬಂದವರೇ, "ನೀನು ಸುಮ್ನೆ ನಿಂತ್ಕೋ, ಮಿಕ್ಕಿದ್ದು ನಾನು ನೋಡ್ಕತೀನಿ" ಅಂದರು. ನಿಂತೆ, ಗೆದ್ದೆ. ಮಿಕ್ಕಿದ್ದನ್ನು ಅವರೇ ನೋಡಿಕೊಂಡರು.

ತಿಪಟೂರಿನಿಂದ ಬಸ್ಸು ಹತ್ತಿದರೆ ಗಂಟೆಯೊಳಗೆ ಸಿಗುವ ಪುಟ್ಟ ಊರು ನಮ್ಮದು. ಇಂಥ ಊರನ್ನು ಯಾರು ಆಳುತ್ತಾರೆಂದು ಒಳಗೆ ಕೂತ ಮೇಲೆಯೇ ನನಗೆ ತಿಳಿದದ್ದು. ವಾರ್ಡಿಗೊಬ್ಬರಂತೆ ಗೆದ್ದು ಬಂದ ನಾವು; ನಮ್ಮೊಳಗಿಂದಲೇ ಕೈ ಎತ್ತಿ ಆರಿಸಿಕೊಂಡ ಅಧ್ಯಕ್ಷರು, ಉಪಾಧ್ಯಕ್ಷರು; ಅವರ ಪಕ್ಕದ ಕುರ್ಚಿಯಲ್ಲಿ ಸರ್ಕಾರ ಕಳಿಸಿದ ಮುಖ್ಯಾಧಿಕಾರಿ. ತೀರ್ಮಾನ ನಮ್ಮದು, ಜಾರಿ ಅವರದು. ನೀರು, ಬೀದಿದೀಪ, ಚರಂಡಿ, ಕಸ, ಸಂತೆ, ಹುಟ್ಟು, ಸಾವು ಎಲ್ಲವೂ ಆ ಉದ್ದನೆಯ ಮೇಜಿನ ಮೇಲೆ ಒಂದಲ್ಲ ಒಂದು ದಿನ ಬರುತ್ತದೆ.

ಸಾಮಾನ್ಯ ಸಭೆಗೆ ವಾರವಿರುವಾಗ ವಿಷಯಸೂಚಿ ಮನೆಗೆ ಬರುತ್ತಿತ್ತು. ಯಜಮಾನರು ಅದನ್ನು ಓದಿ ಕೆಲವು ವಿಷಯಗಳ ಪಕ್ಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಡುತ್ತಿದ್ದರು. ಗುರುತಿದ್ದರೆ ನಾನು ಎದ್ದು ಮಾತಾಡಬೇಕು, ಇಲ್ಲದಿದ್ದರೆ ಎಲ್ಲರ ಜೊತೆ ಮೇಜು ತಟ್ಟಬೇಕು. ಅವರು ಹೊರಗಿನ ಬೆಂಚಿನ ಮೇಲೆ ಇತರ ಸದಸ್ಯೆಯರ ಗಂಡಂದಿರೊಂದಿಗೆ ಕೂತಿರುತ್ತಿದ್ದರು. ನನಗೂ ಅದು ಹಾಯಾಗಿತ್ತು, ಸುಳ್ಳೇಕೆ ಹೇಳಲಿ?

ಒಂದು ಸಭೆಯಲ್ಲಿ ಹತ್ತು ವಿಷಯ ಮುಗಿಯುವ ಹೊತ್ತಿಗೆ ಬೋಂಡ, ಕಾಫಿ ಬಂತು. ಹನ್ನೊಂದನೆಯದನ್ನು ಗುಮಾಸ್ತರು ಓದುತ್ತಿದ್ದಾಗ ಅರ್ಧ ಜನರ ಬಾಯಲ್ಲಿ ಬೋಂಡವಿತ್ತು. ಕೆರೆ ಹಿಂದಿನ ಖಾಲಿ ಜಾಗದಲ್ಲಿ ಒಣಕಸ ಬೇರ್ಪಡಿಸುವ ಶೆಡ್ಡು ಕಟ್ಟುವ ಬಗ್ಗೆ. ನನ್ನ ಹಾಳೆಯಲ್ಲಿ ಗುರುತಿರಲಿಲ್ಲ. "ಪಾಸ್, ಪಾಸ್" ಅಂದರು ಯಾರೋ. ನಾನೂ ಮೇಜು ತಟ್ಟಿ, ನಿರ್ಣಯದ ಪುಸ್ತಕದಲ್ಲಿ ದುಂಡಗೆ ಸಹಿ ಹಾಕಿ ಮನೆಗೆ ಬಂದೆ.

ಎರಡು ವಾರ ಕಳೆದಿರಬೇಕು. ಬೆಳಿಗ್ಗೆ ಬಾಗಿಲಿಗೆ ನೀರು ಹಾಕುತ್ತಿದ್ದೆ. ನಮ್ಮ ವಾರ್ಡಿನ ಕೊನೆಯ ಬೀದಿಯ ಅಜ್ಜಿ ಬಂದು ಮೆಟ್ಟಿಲ ಮೇಲೆ ಕೂತಳು. ಮಂಡಿಯಲ್ಲಿ ಕೊಬ್ಬರಿ ಆರಿಸುತ್ತ ಬದುಕು ಸವೆಸಿದವಳು. ಮತ ಕೇಳಲು ಹೋದಾಗ ನನ್ನ ಕೆನ್ನೆ ಸವರಿ ಕಳಿಸಿದ್ದವಳು.

"ಮೆಂಬ್ರಮ್ಮಾ, ಕೆರೆ ಹಿಂದೆ ಗೂಟ ಹೊಡೀತಾವ್ರೆ ಕಣವ್ವ."

"ಹೂಂ ಅಜ್ಜಿ, ಶೆಡ್ಡು ಬತ್ತದೆ. ಖಾಲಿ ಜಾಗ ತಾನೇ?"

ಅಜ್ಜಿ ನನ್ನ ಮುಖವನ್ನೇ ನೋಡಿದಳು. "ನನ್ ಗಂಡ ಅವ್ನೆ ಕಣವ್ವ ಅಲ್ಲಿ. ನನ್ ಮಗ್ಳೂ ಅವ್ಳೆ. ನಾನೂ ಅವ್ರ ಪಕ್ಕಕ್ಕೇ ಹೋಗ್ಬೇಕಾದೋಳು. ಅಲ್ಲಿ ಕಸ ಸುರುದ್ರೆ ನನ್ನ ಇನ್ನೆಲ್ಲಿಗೆ ಎತ್ಕಂಡೋಗ್ತಾರೆ?"

ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ! ಹತ್ತು ಸಲವಾದರೂ ಆ ಕಡೆ ಹಾದುಹೋಗಿದ್ದೇನೆ. ಮಣ್ಣಿನ ದಿಬ್ಬಗಳನ್ನೂ, ತಲೆದೆಸೆಗೆ ನೆಟ್ಟ ಕಲ್ಲುಗಳನ್ನೂ ಕಂಡಿದ್ದೇನೆ. ಕಂಡೂ ಖಾಲಿ ಜಾಗವೆಂದೆ. ಏಕೆಂದರೆ ನಮ್ಮ ಕಡೆ ತೋಟವಿದ್ದವರು ಸತ್ತವರನ್ನು ತೋಟದಲ್ಲೇ ಮಣ್ಣು ಮಾಡುತ್ತಾರೆ. ನಮ್ಮ ಮಾವನವರ ಸಮಾಧಿಯೂ ತೆಂಗಿನ ಸಾಲಿನ ಮೂಲೆಯಲ್ಲಿದೆ. ಕಾಯಿ ಕೆಡವಿಸಲು ಹೋದಾಗಲೆಲ್ಲ ಕೈಮುಗಿದು ಬರುತ್ತೇವೆ. ಮೇಜಿನ ಸುತ್ತ ಕೂತಿದ್ದ ನಮಗೆಲ್ಲರಿಗೂ ತೋಟವಿತ್ತು. ಊರಿನ ಸ್ಮಶಾನಕ್ಕೆ ಹೋಗುವ ಪ್ರಮೇಯ ಯಾರಿಗೂ ಬಂದಿರಲಿಲ್ಲ. ದಾಖಲೆಯಲ್ಲೂ ಅದು ಪುರಸಭೆಯ ಜಾಗವೆಂದಷ್ಟೇ ಇತ್ತು.

ಒಳಗೆ ಹೋಗಿ ಯಜಮಾನರನ್ನು ಕೇಳಿದೆ, "ರೀ, ಅಲ್ಲಿ ಹೂಳ್ತಾರೆ ಅಂತ ನಿಮಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ತಲೆಗೆ ಹೊಳೀಲಿಲ್ಲ ಕಣೇ. ಬುಡು, ಪಾಸಾದ್ಮೇಲೆ ಏನ್ಮಾಡಕ್ಕಾಯ್ತದೆ?"

"ಗುರುತು ಹಾಕೋ ಪೆನ್ಸಿಲ್ಲು ಇವತ್ತಿಂದ ನನ್ನ ಹತ್ರ ಇರ್ಲಿ" ಅಂದೆ. ಸಿಟ್ಟು ಅವರ ಮೇಲೋ ನನ್ನ ಮೇಲೋ, ಆಗ ತಿಳಿಯಲಿಲ್ಲ.

ಅವತ್ತೇ ಪುರಸಭೆ ಕಚೇರಿಗೆ ಹೋದೆ. ಮುಖ್ಯಾಧಿಕಾರಿಗಳು ಒಳ್ಳೆಯವರೇ. ಪುಸ್ತಕ ತೆಗೆಸಿ ನನ್ನ ಕಡೆ ತಿರುಗಿಸಿದರು. "ನೋಡಿ ಮೇಡಂ, ನಿಮ್ಮ ಸಹಿಯೂ ಇದೆ. ಸಭೆ ಮಾಡಿದ್ದನ್ನ ಸಭೆಯೇ ರದ್ದು ಮಾಡಬೇಕು. ಅರ್ಧಕ್ಕಿಂತ ಹೆಚ್ಚು ಸದಸ್ಯರ ಸಹಿ ಹಾಕಿಸಿ ಪತ್ರ ಕೊಡಿ, ಮುಂದಿನ ಸಭೆಗೆ ತಗೋತೀವಿ."

ಸಹಿಗಾಗಿ ಮನೆ ಮನೆ ಸುತ್ತಿದೆ. ಮೊದಲು ಹೋದದ್ದು ಮೂರು ಸಲ ಗೆದ್ದಿದ್ದ ಹಿರಿಯ ಸದಸ್ಯರ ಮನೆಗೆ. ಅಂಗಳದಲ್ಲಿ ಹಸುವಿನ ಮೈ ತೊಳೆಯುತ್ತಿದ್ದರು. "ಇದೇನವ್ವ ಹೊಸಾ ಕತೆ? ನೀನೂ ಮೇಜು ತಟ್ದೋಳೇ ಅಲ್ವಾ?" ಅಂದರು.

"ತಟ್ದೆ ಕಣಣ್ಣಾ, ತಪ್ಪಾಯ್ತು. ಒಂದ್ಮಾತು ಹೇಳಿ, ನಿಮ್ಮಪ್ಪಾರನ್ನ ಎಲ್ಲಿ ಮಣ್ಣು ಮಾಡಿದ್ರಿ?"

"ನಮ್ ತೋಟದಲ್ಲಿ."

"ತೋಟ ಇಲ್ದೇ ಇದ್ದಿದ್ರೆ?"

ಅವರು ಹಸುವಿನ ಬೆನ್ನಿಗೆ ಇನ್ನೊಂದು ಚೊಂಬು ನೀರು ಸುರಿದರು. ಆಮೇಲೆ ಪಂಚೆಗೆ ಕೈ ಒರೆಸಿಕೊಂಡು ಪೆನ್ನು ಕೇಳಿದರು. ಉಳಿದ ಮನೆಗಳಲ್ಲೂ ನಾನು ಕೇಳಿದ್ದು ಅದೊಂದೇ ಪ್ರಶ್ನೆ. ಇಬ್ಬರು ರೇಗಿದರು, ಒಬ್ಬಾಕೆ ಅತ್ತಳು. ಬೇಕಾದಷ್ಟು ಸಹಿಗೆ ಮೂರು ವಾರ ಹಿಡಿಯಿತು.

ಮುಂದಿನ ಸಭೆಯಲ್ಲಿ ಅದನ್ನೇ ಮೊದಲ ವಿಷಯವಾಗಿ ತೆಗೆದುಕೊಂಡರು. ಜೀವಮಾನದಲ್ಲಿ ಮೊದಲ ಸಲ ಹಾಳೆ ನೋಡದೆ ಮಾತಾಡಿದೆ. ಕೈಗಳು ಒಂದೊಂದಾಗಿ ಎದ್ದವು. ಶೆಡ್ಡು ರದ್ದಾಯಿತು, ಆ ಜಾಗವನ್ನು ಸ್ಮಶಾನವೆಂದು ದಾಖಲಿಸಬೇಕೆಂದೂ ಬರೆದುಕೊಂಡರು. ಅವತ್ತು ಯಾರೂ ಮೇಜು ತಟ್ಟಲಿಲ್ಲ. ನನಗೆ ಮಾತ್ರ ಒಳಗೊಳಗೇ ಹೆಮ್ಮೆ. ನೇರ ಅಜ್ಜಿಯ ಮನೆಗೆ ಹೋದೆ. ಅಷ್ಟು ದಿನವೂ ಜ್ವರದಲ್ಲಿ ಮಲಗಿದ್ದವಳು ಎದ್ದು ಕೂತು, "ನನ್ನ ಒಂದ್ಕಿತ ಅಲ್ಲಿಗೆ ಕರ್ಕಂಡೋಗವ್ವ" ಅಂದಳು.

ಇಬ್ಬರೂ ಕೆರೆ ಏರಿ ಇಳಿದೆವು. ನೆಲ ರಾಗಿ ಕಣದಷ್ಟು ಸಮನಾಗಿತ್ತು. ರದ್ದಾಗುವ ತನಕ ಹಳೆಯ ನಿರ್ಣಯ ಜಾರಿಯಲ್ಲಿತ್ತು. ಅದರಂತೆ ಜೆಸಿಬಿ ಬಂದು ತನ್ನ ಕೆಲಸ ಮುಗಿಸಿ ಹೋಗಿತ್ತು. ದಿಬ್ಬಗಳಿರಲಿಲ್ಲ. ಕಲ್ಲುಗಳನ್ನೆಲ್ಲ ಒಂದು ಬದಿಗೆ ರಾಶಿ ಹಾಕಿದ್ದರು. ಸಹಿಗಾಗಿ ಊರೆಲ್ಲ ಸುತ್ತಿದ ನಾನು, ಆ ಮೂರು ವಾರದಲ್ಲಿ ಅಲ್ಲಿಗೆ ಒಂದು ಸಲವೂ ಬಂದಿರಲಿಲ್ಲ.

ಅಜ್ಜಿ ರಾಶಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಕಲ್ಲನ್ನು ಸವರಿ ನೋಡಿದಳು. ಅರಿಶಿನದ ಕಲೆಯಿದ್ದ ಒಂದರ ಮೇಲೆ ಕೈ ನಿಂತಿತು. ಎದ್ದು ಬಯಲಿನ ಮೇಲೆಲ್ಲ ಕಣ್ಣಾಡಿಸಿದಳು. ನಾಲ್ಕು ಹೆಜ್ಜೆ ಆ ಕಡೆ, ನಾಲ್ಕು ಹೆಜ್ಜೆ ಈ ಕಡೆ ನಡೆದಳು.

"ಕಲ್ಲು ಸಿಕ್ತು ಕಣವ್ವ. ಜಾಗ ಸಿಗ್ಲಿಲ್ಲ" ಅಂದಳು. ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಯುಗಾದಿಗೆ ಮುಂಚೆ ಅಜ್ಜಿ ತೀರಿಕೊಂಡಳು. ನಾನೂ ಹೆಣದ ಹಿಂದೆ ಹೋದೆ. ಗುದ್ದಲಿ ಹಿಡಿದವರು ಬಯಲಿನ ನಡುವೆ ನಿಂತು ಸುತ್ತ ನೋಡಿ, ಆಮೇಲೆ ನನ್ನ ಕಡೆ ತಿರುಗಿದರು. "ಎಲ್ಲಿ ತೋಡಣ ಮೆಂಬ್ರಮ್ಮಾ?"

ನಾನು ಕೈ ಎತ್ತಿ ಒಂದು ಕಡೆ ತೋರಿಸಿದೆ. ಅಲ್ಲೇ ತೋಡಿದರು. ಆ ಅರಿಶಿನದ ಕಲ್ಲನ್ನೇ ತಂದು ತಲೆದೆಸೆಗೆ ನೆಟ್ಟರು. ಅವಳ ಗಂಡ, ಮಗಳು ಅವಳ ಪಕ್ಕದಲ್ಲಿದ್ದಾರೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.