ಧೂಳಿನಿಂದ ಹೊರಬಿದ್ದ ಕಲ್ಲು

ಪೀಪಿ ಊದಿದ ಕೂಡಲೇ ಮಕ್ಕಳನ್ನು ಅಂಗಳಕ್ಕೆ ಯಾಕೆ ತರುತ್ತಾರೆ? ನಾವುಂದದ ಸೊಸೆ ನಿಖಿತಾಳ ತಲೆಯೊಳಗೆ ಹೊಕ್ಕ ಈ ಚಿಂತೆ ಅನ್ನ ಕಲಸುವಾಗಲೂ ಬಟ್ಟೆ ಒಗೆಯುವಾಗಲೂ ಬಿಡಲೊಲ್ಲದು. ಅಂಗನವಾಡಿಯ ಹಿಂದಿನ ಗುಡ್ಡದಲ್ಲಿ ಕಲ್ಲುಕೋರೆ. ಮದ್ದು ಸಿಡಿಸುವ ಮುಂಚೆ ಪೀಪಿ. ಅದು ಕೇಳಿದರೆ ಸಾಕು, ಟೀಚರ್ ಜಲಜಕ್ಕ ಮಕ್ಕಳನ್ನೆಲ್ಲ ಅಂಗಳಕ್ಕೆ ಹೊರಡಿಸುತ್ತಾರೆ. ನಿಖಿತಾಳ ಮಗಳು ಚಂದನಾ ಕೂಡ ಅವರಲ್ಲಿ ಒಬ್ಬಳು.

“ಮಾಡ್ ಅಲ್ಲಾಡತ್ತಲ್ದಾ ಹೆಣ್ಣೆ? ಹಂಚ್ ತಲಿ ಮೇಲ್ ಬಿದ್ರೆ ಯಾರ್ ಜವಾಬ್ದಾರಿ?” ಎನ್ನುವುದು ಜಲಜಕ್ಕನ ಮಾತು.

ನಿಖಿತಾಳ ಮೂಲ ಬಾರ್ಕೂರು, ಬೆಳೆದದ್ದು ಅಪ್ಪನ ಹೋಟೆಲಿದ್ದ ಪುಣೆಯಲ್ಲಿ. ಮದುವೆಗೆ ಮುಂಚೆ ಸ್ಫೋಟಕಗಳ ಸುರಕ್ಷತೆ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕ್ಯಾಮೆರಾ ನೋಡಿಕೊಳ್ಳುತ್ತಿದ್ದಳು. ಒಂದು ಸೆಕೆಂಡನ್ನು ಸಾವಿರಾರು ಚಿತ್ರಗಳಾಗಿ ಸೀಳುವ ಕ್ಯಾಮೆರಾ. ಯಾವ ಚೂರು ಎತ್ತ ಹಾರಿತು, ಎಲ್ಲಿ ಮನುಷ್ಯರು ನಿಲ್ಲಬಾರದು ಎಂದು ಅದರಿಂದ ಪತ್ತೆಹಚ್ಚುತ್ತಿದ್ದರು. ಬರಿಗಣ್ಣಿಗೆ ಕಾಣುವುದು ಹೊಗೆ; ಕೊಲ್ಲುವುದು ಚೂರು.

ಸೋಮವಾರ ಅವಳು ಅಂಗನವಾಡಿಯ ಬೇಲಿಗೆ ಮೊಬೈಲು ಕಟ್ಟಿ ಸ್ಲೋ ಮೋಷನ್‌ನಲ್ಲಿ ವಿಡಿಯೋ ತೆಗೆದಳು. ಅಷ್ಟೇ ಸಾಕಾಯಿತು. ನಿಧಾನವಾಗಿ ಓಡಿಸಿ ನೋಡಿದಾಗ ಎಲ್ಲವೂ ಕಂಡಿತು: ನೆಲ ನಡುಗಿ ಹಂಚುಗಳು ಕುಣಿದವು, ಒಂದೂ ಬೀಳಲಿಲ್ಲ. ಆಮೇಲೆ, ಎಲ್ಲರೂ ಧೂಳನ್ನು ಬಾಯಿಬಿಟ್ಟು ನೋಡುತ್ತಿರುವಾಗ, ಅದರ ನೆತ್ತಿಯಿಂದ ತೆಂಗಿನಕಾಯಿ ಗಾತ್ರದ ಕಲ್ಲೊಂದು ಹೊರಬಿದ್ದು, ಮಕ್ಕಳ ತಲೆಯ ಮೇಲಿಂದ ಹಾದು ಆಚೆ ಗದ್ದೆಗೆ ಬಿತ್ತು.

ಕೋರೆಯ ಮ್ಯಾನೇಜರ್ ಭೋಜರಾಜ ವಿಡಿಯೋ ನೋಡಿ ನಕ್ಕ. “ಹ್ವಾಯ್, ಕಾಕಿ ಹಾರಿದ್ರೂ ಕಲ್ಲ್ ಅಂತ್ರಿಯಾ? ಪುಣೆ ಬಿಟ್ ಬಂದ್ರೂ ಸಿನೆಮಾ ಹುಚ್ಚ್ ಬಿಡ್ಲಿಲ್ಲೆ!”

ಅವಳ ಮೈಯೆಲ್ಲ ಉರಿದುಹೋಯಿತು. “ಆ ಕಾಗೆ ಗದ್ದೆ ಕೆಸರಲ್ಲಿ ಹೂತು ಕೂತಿದೆ. ಬನ್ನಿ, ಹಾರಿಸಿ ತೋರಿಸಿ!”

ಅವನು ಬರಲಿಲ್ಲ. ಮನೆಯಲ್ಲಿ ಗಂಡ ಸುಜಿತನದು ಬೇರೆಯೇ ರಾಗ. ಅವನ ಟಿಪ್ಪರು ಅದೇ ಕೋರೆಯ ಬಂಡೆಗಳನ್ನು ಮರವಂತೆಯ ಕಡಲ ತಡೆಗೋಡೆಗೆ ಹೊರುತ್ತದೆ. “ಸುಮ್ನೆ ಕೂಕೊ. ಕೋರೆ ನಿಂತ್ರೆ ನಾವ್ ಎಂತ ತಿಂಬುದ್? ಅಲ್ ಕಡಲ್ ಮನಿ ನುಂಗ್ತಿತ್, ಅವ್ರಿಗ್ ಕಲ್ ಬ್ಯಾಡ್ದಾ?”

“ಬೇಕು. ಅದಕ್ಕೆ ನಮ್ಮ ಮಕ್ಕಳ ತಲೆ ಒಡೀಬೇಕಾ?”

ಸುಜಿತ ಊಟದ ತಟ್ಟೆ ಸರಿಸಿ ಎದ್ದ.

ಮರುದಿನ ವಿಡಿಯೋ ನೋಡಿದ ಜಲಜಕ್ಕ ಅಂಗಳದಲ್ಲಿದ್ದ ಮಕ್ಕಳನ್ನೆಲ್ಲ ಅಂಗನವಾಡಿಯ ಜಗಲಿಗೆ ಕರೆದರು. “ಅಯ್ಯೋ, ನಾನೇ ಹೊರಗ್ ತಂದ್ ನಿಲ್ಸಿದ್ದಲ್ದಾ!”

“ನಿಮ್ಮ ತಪ್ಪಲ್ಲ ಅಕ್ಕ. ಎಲ್ಲಿ ನಿಲ್ಲಬೇಕು ಅಂತ ಕೋರೆಯವರು ಒಂದು ದಿನ ಬಂದು ಹೇಳಿದ್ದಾರಾ?”

“ಹಾಂಗಾರೆ ಇನ್ ಒಳ್ಗೇ ಕೂರ್ಸುದಾ?”

ನಿಖಿತಾ ತಲೆಯೆತ್ತಿ ಮಾಡು ನೋಡಿದಳು. ಆ ಕಲ್ಲಿಗೆ ಈ ಹಂಚು ಹಪ್ಪಳ. ಒಳಗೂ ಇಲ್ಲ, ಹೊರಗೂ ಇಲ್ಲ, ನಿಲ್ಲಬೇಕಾದದ್ದು ಸಿಡಿಮದ್ದು. ನಾಳೆ ಮತ್ತೆ ಸಿಡಿಸುತ್ತಾರೆ. ಅಲ್ಲೇ ನಿಂತು ಗಣಿ ಇಲಾಖೆಗೆ ಫೋನ್ ಮಾಡಿದಳು.

ಎಲ್ಲ ಕೇಳಿದ ಮೇಲೆ ಆ ಕಡೆಯವರು ವಿಚಾರಿಸಿದರು: “ಹೆಸರು ಗುಟ್ಟಾಗಿಡಬೇಕಾ ಮೇಡಂ?”

“ಬೇಡ, ಬರ್ಕೊಳ್ಳಿ. ನಿಖಿತಾ, ನಾವುಂದ. ನನ್ನ ಗಂಡನ ಟಿಪ್ಪರು ಓಡೋದೂ ಅದೇ ಕೋರೆಗೆ. ಅದನ್ನೂ ಬರ್ಕೊಳ್ಳಿ.”