ದೊಡ್ಡಮ್ಮ ಮೆಚ್ಚಿದ ಬಿಳುಪು

ನನ್ನ ದೊಡ್ಡಮ್ಮ ತೀರಿಕೊಂಡು ಮೂವತ್ತು ವರ್ಷವಾಯಿತು. ಅವಳ ಮೇಲಿನ ಸಿಟ್ಟು ಮಾತ್ರ ಇನ್ನೂ ಗಟ್ಟಿಮುಟ್ಟಾಗಿದೆ. ಸತ್ತವರನ್ನು ಆಡಿಕೊಳ್ಳಬಾರದು ಎಂದು ನನ್ನ ಮಕ್ಕಳು ಬುದ್ಧಿ ಹೇಳುತ್ತಾರೆ. ಬದುಕಿದ್ದಾಗ ಬಾಯಿ ತೆರೆಯಲು ಅವಳು ಬಿಟ್ಟಿದ್ದರೆ ಈಗ ಆಡಿಕೊಳ್ಳುವ ಗರಜು ನನಗಿರುತ್ತಿರಲಿಲ್ಲ.

ಅದು ಯುದ್ಧದ ಕಾಲ. ಹಲಸೂರಿನಲ್ಲಿ, ಕೆರೆಯ ಕಡೆಗೆ ಹೋಗುವ ಬೀದಿಯಲ್ಲಿ ನಮ್ಮ ಕೂಡುಕುಟುಂಬದ ಮನೆ. ನನಗೆ ಹದಿನೈದು ವರ್ಷ. ನಾನು ಚಿಕ್ಕವಳಿದ್ದಾಗಲೇ ಅಮ್ಮ ತೀರಿಹೋಗಿದ್ದಳು. ಅಪ್ಪನ ಅಣ್ಣನ ಹೆಂಡತಿಯಾದ ದೊಡ್ಡಮ್ಮನೇ ಅಡುಗೆಮನೆಯ ಯಜಮಾನಿ. ಅಪ್ಪ ಅತ್ತಿಗೆಯ ಮಾತಿಗೆ ಎದುರಾಡಿದ್ದನ್ನು ನಾನು ನೋಡಿಲ್ಲ. ದೊಡ್ಡಮ್ಮನ ಮಗಳು ನನಗಿಂತ ಒಂದು ವರ್ಷ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಿದ್ದಳು. ನಾವಿಬ್ಬರೂ ಒಂದೇ ಚಾಪೆಯ ಮೇಲೆ ಮಲಗುತ್ತಿದ್ದೆವು.

ರೇಷನ್ ಅಂಗಡಿಯಲ್ಲಿ ಅಕ್ಕಿಯ ಜೊತೆ ರಾಗಿಯನ್ನೂ ಕೊಡುತ್ತಿದ್ದರು. ದೊಡ್ಡಮ್ಮ ಆ ರಾಗಿಯನ್ನು ಒಳಗೆ ಸೇರಿಸದೆ ಜಗಲಿಯಲ್ಲೇ ಹಾಲಿನವಳ ಮಡಿಲಿಗೆ ಸುರಿಯುತ್ತಿದ್ದಳು. ಬದಲಿಗೆ ಗಂಡಸರ ಕಾಫಿಗೆ ಒಂದಿಷ್ಟು ಹೆಚ್ಚು ಹಾಲು. "ಹೆಣ್ಮಕ್ಕಳು ರಾಗಿ ತಿಂದ್ರೆ ಕಪ್ಪಾಗ್ತವೆ, ಆಮೇಲೆ ಯಾರು ಮಾಡ್ಕೋತಾರೆ?" ಎನ್ನುತ್ತಿದ್ದಳು. ಊಟಕ್ಕೆ ಮೊದಲು ಗಂಡಸರು, ಆಮೇಲೆ ಹುಡುಗರು, ಕೊನೆಗೆ ನಾವು. ಅವರಿಗೆ ಬಡಿಸುವಾಗ ಸೌಟು ತಳ ಮುಟ್ಟುತ್ತಿತ್ತು, ಬೇಳೆ ಸೊಪ್ಪೆಲ್ಲ ಅವರ ಎಲೆಗೆ ಹೋಗುತ್ತಿತ್ತು. ನಮ್ಮ ಪಾಲಿಗೆ ಮಲ್ಲಿಗೆಯಂಥ ಬಿಳಿ ಅನ್ನ ಮತ್ತು ಹುಣಿಸೆ ನೀರಿನಂಥ ಸಾರು. ದೊಡ್ಡಮ್ಮನೂ ಕೊನೆಗೇ ಉಣ್ಣುತ್ತಿದ್ದಳು, ಅದು ನಿಜ. ಆದರೆ ತುಪ್ಪದ ಮಿಳ್ಳೆ ಅವಳ ಕೈಯಲ್ಲಿತ್ತು.

ಆ ವರ್ಷ ನನ್ನ ಬಾಯಿಯ ಎರಡು ಮೂಲೆಗಳೂ ಸೀಳಿಕೊಂಡವು. ನಾಲಿಗೆ ಸುಟ್ಟ ಹಾಗೆ ಉರಿಯುತ್ತಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಡವಡವ. ಎಲ್ಲಕ್ಕಿಂತ ನಾಚಿಕೆಯ ಸಂಗತಿಯೆಂದರೆ ನನಗೆ ಬಳಪ ತಿನ್ನುವ ಚಟ ಹತ್ತಿತು. ಸ್ಲೇಟಿನ ಮೇಲೆ ಬರೆಯುವ ಬಳಪವನ್ನು ಮುರಿದು ಮುರಿದು ಕಟಕಟ ಅಗಿಯುತ್ತಿದ್ದೆ. ಮನೆಯ ಹುಡುಗರ ಬಳಪಗಳೆಲ್ಲ ಖಾಲಿಯಾದಾಗ ದೊಡ್ಡಮ್ಮ ನನ್ನ ಕಿವಿ ಹಿಂಡಿ, ಬಂದವರೆದುರಿಗೆಲ್ಲ "ಬಳಪಗಳ್ಳಿ" ಎಂದು ಪರಿಚಯ ಮಾಡಿಕೊಟ್ಟಳು. ಹೊಟ್ಟೆಗೆ ಏನು ಸಾಲುತ್ತಿಲ್ಲ ಎಂದು ಒಬ್ಬರೂ ಕೇಳಲಿಲ್ಲ.

ನನ್ನ ಮುಖ ದಿನದಿನಕ್ಕೂ ಬಿಳಿಚಿಕೊಳ್ಳುತ್ತಿತ್ತು. ದೊಡ್ಡಮ್ಮ ಅದನ್ನು ನೋಡಿ ಹಿಗ್ಗಿದಳು. ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಪಕ್ಕದ ಮನೆಯವಳಿಗೆ, "ನೋಡ್ರೀ, ಮದುವೆ ವಯಸ್ಸಿಗೆ ಸರಿಯಾಗಿ ಹೆಂಗೆ ಬೆಳ್ಳಗಾಗ್ತಾ ಇದ್ದಾಳೆ! ನಾನು ಸಾಕಿರೋ ರೀತಿ ಅದು" ಎಂದಳು. ಪಕ್ಕದ ಮನೆಯವಳು ದೃಷ್ಟಿ ತೆಗೆಯಲು ಹೇಳಿದಳು. ನನ್ನ ಕಾಯಿಲೆಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು.

ಒಂದು ದಿನ ಸ್ಕೂಲಿನಲ್ಲಿ ಪ್ರಾರ್ಥನೆಗೆ ನಿಂತಿದ್ದವಳು ಕಣ್ಣು ಕತ್ತಲಿಟ್ಟು ಬಿದ್ದೆ. ನಮ್ಮ ಟೀಚರು ನನ್ನನ್ನು ಜಟಕಾದಲ್ಲಿ ಕೂರಿಸಿಕೊಂಡು ರಸೆಲ್ ಮಾರ್ಕೆಟ್ ಹತ್ತಿರದ ಒಂದು ಧರ್ಮಾಸ್ಪತ್ರೆಗೆ ಹೋದರು. ಅಲ್ಲಿದ್ದ ಲೇಡಿ ಡಾಕ್ಟರು ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಉಗುರು ಒತ್ತಿ ನೋಡಿ, "ಮೈಯಲ್ಲಿ ರಕ್ತವೇ ಇಲ್ವಲ್ಲಮ್ಮ! ಮನೇಲಿ ರಾಗಿ ಸೊಪ್ಪು ತಿನ್ನಲ್ವಾ?" ಎಂದು ಗದರಿದರು. ಕಬ್ಬಿಣದ ಸತ್ವದ ಒಂದು ಬಾಟ್ಲಿ ಔಷಧಿ ಕೊಟ್ಟು, "ಹಲ್ಲಿಗೆ ತಾಗಿದ್ರೆ ಕಪ್ಪಾಗುತ್ತೆ, ಕೊಳವೆ ಇಟ್ಟು ಹೀರಬೇಕು. ಟೀ, ಅಡಿಕೆ ಜೊತೆ ಅಂತೂ ಬೇಡವೇ ಬೇಡ, ಬಾಯೆಲ್ಲ ಶಾಯಿ ಆಗ್ಬಿಡುತ್ತೆ" ಎಂದರು.

ಕಪ್ಪಾಗುತ್ತೆ ಎಂಬ ಮಾತನ್ನು ಮನೆಯಲ್ಲಿ ಹೇಳಿದ್ದು ನನ್ನ ತಪ್ಪು. ದೊಡ್ಡಮ್ಮ ಆ ಬಾಟ್ಲಿಯನ್ನು ಬಚ್ಚಲಿಗೆ ಸುರಿದಳು. "ಕೃಷ್ಣರಾಜಪುರದವರು ಮುಂದಿನ ತಿಂಗಳು ನೋಡೋಕೆ ಬರ್ತಾರೆ. ಬೆಳ್ಳಗಿರೋ ಹುಡುಗೀನೇ ಬೇಕಂತೆ. ಅವರು ಒಪ್ಪಿದ್ರೆ ಸ್ಕೂಲು ಗೀಲು ಎಲ್ಲ ಸಾಕು" ಎಂದಳು. ನನಗೆ ಗಂಡು ಗೊತ್ತುಮಾಡುತ್ತಿದ್ದಾರೆ ಎಂದು ತಿಳಿದದ್ದೇ ಆಗ. ಇನ್ನೆರಡು ವರ್ಷ ಓದಿದರೆ ನಾನೂ ನಮ್ಮ ಟೀಚರ ಹಾಗೆ ಕೈಗಡಿಯಾರ ಕಟ್ಟಿಕೊಂಡು ಪಾಠ ಹೇಳಬಹುದು ಎಂದುಕೊಂಡಿದ್ದವಳು ನಾನು. ಬಚ್ಚಲಿನ ಕಲ್ಲಿನ ಮೇಲೆ ನನ್ನ ಔಷಧಿ ತುಕ್ಕಿನ ಬಣ್ಣವಾಗಿ ಹರಿಯುವುದನ್ನು ನೋಡುತ್ತಾ, ನಿನಗೆ ಮಾಡ್ತೀನಿ ಇರು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಮಾರನೆಯ ವಾರ ಸ್ಕೂಲು ಬಿಟ್ಟ ಮೇಲೆ ಒಬ್ಬಳೇ ಆಸ್ಪತ್ರೆಗೆ ನಡೆದುಹೋದೆ. ದಾರಿಯಲ್ಲಿ ಮೂರು ಕಡೆ ಕೂತು ಸುಧಾರಿಸಿಕೊಂಡೆ. ಬಾಟ್ಲಿ ಒಡೆದುಹೋಯಿತೆಂದು ಸುಳ್ಳು ಹೇಳಿ ಇನ್ನೊಂದು ತಂದು, ಬಚ್ಚಲುಮನೆಯ ಸೌದೆಯ ಹಿಂದೆ ಇಟ್ಟೆ. ಅದನ್ನು ಪತ್ತೆ ಹಚ್ಚಿದವಳು ತಂಗಿ. ಅವಳು ತನ್ನಮ್ಮನಿಗೆ ಹೇಳಿಬಿಡುತ್ತಾಳೆಂದು ನನ್ನ ಜೀವ ಹೋಯಿತು. ಹೇಳಲಿಲ್ಲ. ಹಿತ್ತಲಿನ ಪರಂಗಿ ಗಿಡದ ಎಲೆದಂಟನ್ನು ಕೊಯ್ದು ತಂದು, "ಅಕ್ಕ, ಇದ್ರಲ್ಲಿ ಹೀರು, ಹಲ್ಲಿಗೆ ತಾಗಲ್ಲ" ಎಂದಳು. ನಾನು ಕುಡಿಯುವಾಗ ಬಾಗಿಲಲ್ಲಿ ನಿಂತು ಕಾವಲು ಕಾಯುತ್ತಿದ್ದಳು. ಹದಿನೈದು ದಿನದಲ್ಲಿ ನನ್ನ ನಾಲಿಗೆಯ ಉರಿ ಇಳಿಯಿತು.

ಕೃಷ್ಣರಾಜಪುರದವರು ಒಂದು ಭಾನುವಾರ ಬಂದರು. ಹುಡುಗ, ಅವನ ತಾಯಿ, ಸೋದರಮಾವ. ದೊಡ್ಡಮ್ಮ ನನಗೆ ತನ್ನ ಹಸಿರು ರೇಷ್ಮೆ ಸೀರೆ ಉಡಿಸಿದಳು. ಕಾಫಿ ಕೊಡಲು ಕರೆಯುವ ಮೊದಲು ನಾನು ಬಚ್ಚಲುಮನೆಗೆ ಹೋಗಿ, ತಾಂಬೂಲದ ತಟ್ಟೆಯಿಂದ ಕದ್ದ ಅಡಿಕೆಯನ್ನು ಬಾಯಿ ತುಂಬ ಅಗಿದೆ. ಆಮೇಲೆ ಔಷಧಿಯನ್ನು ಬಾಯಿಗೆ ಹಾಕಿಕೊಂಡು ಮುಕ್ಕಳಿಸಿದೆ. ಬೆರಳಿನಿಂದ ಹಲ್ಲು ಹಲ್ಲಿಗೂ ತಿಕ್ಕಿದೆ. ಕನ್ನಡಿ ನೋಡಿಕೊಂಡಾಗ ನನಗೇ ಹೆದರಿಕೆಯಾಯಿತು.

ಹುಡುಗನ ತಾಯಿ ಕಾಫಿ ತೆಗೆದುಕೊಂಡು, "ಹಾಲಿನ ಬಣ್ಣ ಕಣ್ರೀ ಹುಡುಗೀದು" ಎಂದರು. ದೊಡ್ಡಮ್ಮನ ಮುಖ ಅರಳಿತು. "ಹೆಸರೇನಮ್ಮ?" ಎಂದು ಆಕೆ ಕೇಳಿದ್ದೇ ತಡ, ನಾನು ತಲೆಯೆತ್ತಿ, ಬಾಯಗಲಿಸಿ, ಮೂವತ್ತೆರಡು ಹಲ್ಲೂ ಕಾಣುವ ಹಾಗೆ ನಕ್ಕೆ. ನಾಲಿಗೆಯನ್ನೂ ತುಸು ಹೊರಗೆ ಚಾಚಿದೆ. ಆಕೆಯ ಕೈಯಲ್ಲಿದ್ದ ಕಾಫಿ ಸೀರೆಯ ಮೇಲೆ ಚೆಲ್ಲಿತು. ಸೋದರಮಾವ ಎದ್ದು ನಿಂತರು. ನಾನು ನೋಡುತ್ತಿದ್ದುದು ದೊಡ್ಡಮ್ಮನನ್ನು. ಅವಳ ಮುಖದಿಂದ ರಕ್ತ ಇಳಿದುಹೋಗಿ ಅವಳೂ ಬೆಳ್ಳಗಾಗಿದ್ದಳು. ಆ ಸುಖವನ್ನು ನಾನು ಇವತ್ತಿಗೂ ಯಾರಿಗೂ ಬಿಟ್ಟುಕೊಡುವುದಿಲ್ಲ.

ಬಿದ್ದ ಪೆಟ್ಟುಗಳ ಮಾತು ಬೇಡ. ಹುಡುಗಿಗೆ ಏನೋ ರೋಗ ಎಂದು ಅವರು ಹೇಳಿಕಳಿಸಿದರು. ನಾನು ಸ್ಕೂಲಿಗೆ ಹೊರಟಾಗ ಯಾರೂ ತಡೆಯಲಿಲ್ಲ, ಇನ್ನು ಇವಳನ್ನು ಯಾರು ಮಾಡಿಕೊಳ್ಳುತ್ತಾರೆ ಎಂದು ಬಿಟ್ಟರು. ಗೆದ್ದೆ ಎಂದು ಬೀಗುತ್ತಿದ್ದೆ. ದೊಡ್ಡಮ್ಮ ನನಗಿಂತ ಚುರುಕು. ದೊಡ್ಡವಳ ಅಪವಾದ ಊರೆಲ್ಲ ಹರಡಿ ಚಿಕ್ಕವಳಿಗೂ ತಾಗುವ ಮೊದಲೇ ಮುಗಿಸಬೇಕೆಂದು ಅದೇ ಮನೆಗೆ ಹೋಗಿ, ತನ್ನ ಮಗಳನ್ನು ಕೊಡುತ್ತೇನೆ ಎಂದಳು. ಅವರು ಬಂದು ನೋಡಿದರು. ತಂಗಿ ನನಗಿಂತಲೂ ಬೆಳ್ಳಗಿದ್ದಳು. ಅವಳೂ ನಾನುಂಡ ಅನ್ನವನ್ನೇ ಉಂಡವಳಲ್ಲವೇ? ಒಂದೇ ತಿಂಗಳಲ್ಲಿ ಮದುವೆಯಾಯಿತು.

ಗಂಡನ ಮನೆಗೆ ಹೊರಡುವ ದಿನ ಬೆಳಗ್ಗೆ ತಂಗಿ ನನ್ನನ್ನು ಹಿತ್ತಲಿಗೆ ಕರೆದಳು. ಅರಿಶಿನ ಹಚ್ಚಿದ್ದರೂ ಅವಳ ತುಟಿಗಳಿಗೆ ಬಣ್ಣವಿರಲಿಲ್ಲ. ಬಾಯಿಯ ಮೂಲೆಗಳು ಸೀಳಿದ್ದವು.

"ಅಕ್ಕ, ನಂಗೂ ನಿಂತ್ರೆ ತಲೆ ತಿರುಗುತ್ತೆ. ಅಲ್ಲಿ ಬಾವಿಯಿಂದ ನೀರು ಸೇದ್ಬೇಕಂತೆ. ಆ ಔಷಧಿ ಒಂಚೂರು ಉಳಿದಿದ್ಯಾ?"

ಅದೇ ಹೊತ್ತಿಗೆ ನಡುಮನೆಯಿಂದ ದೊಡ್ಡಮ್ಮನ ದನಿ ಕೇಳಿಸಿತು. ಬೀಗರ ಕಡೆಯ ಹೆಂಗಸರಿಗೆ ಅವಳು ಹೇಳುತ್ತಿದ್ದಳು: "ನನ್ನ ಮಗಳು ಬಿಡಿ, ಹುಟ್ಟಿದಾಗಿಂದ ಬಂಗಾರ. ಆ ಬಳಪಗಳ್ಳಿ ಥರ ಅಲ್ಲ." ನನ್ನ ಮೈ ಉರಿದುಹೋಯಿತು. ನಿನ್ನ ಬಂಗಾರ ಬಾವಿಕಟ್ಟೆಯ ಮೇಲೆ ಬೀಳಲಿ, ಆಗ ಗೊತ್ತಾಗುತ್ತದೆ ಎಂದುಕೊಂಡೆ.

"ಮುಗ್ದೋಯ್ತು" ಎಂದೆ.

"ಹೋಗ್ಲಿ ಬಿಡಕ್ಕ, ನೀನಾದ್ರೂ ಹುಷಾರಾದ್ಯಲ್ಲ" ಎಂದು ನನ್ನ ಕೈ ಒತ್ತಿ ಒಳಗೆ ಹೋದಳು. ಜಟಕಾ ಹತ್ತುವಾಗ ಮೊದಲ ಸಲ ಕಾಲೆತ್ತಲಾರದೆ ಇಳಿದು, ಸುಧಾರಿಸಿಕೊಂಡು, ಮತ್ತೆ ಹತ್ತಿದಳು. ನಾಚಿಕೆ ಎಂದು ಎಲ್ಲರೂ ನಕ್ಕರು.

ಬಾಟ್ಲಿಯಲ್ಲಿ ಅರ್ಧ ಉಳಿದಿತ್ತು. ಒಂದು ತೊಟ್ಟೂ ಹಾಳುಮಾಡದೆ ನಾನೇ ಕುಡಿದು ಮುಗಿಸಿದೆ. ಯುಗಾದಿಯ ಹೊತ್ತಿಗೆ ನನ್ನ ಕೆನ್ನೆಗಳು ಕೆಂಪಾಗಿದ್ದವು.