ಚಕ್ಕೋತದ ಅಳತೆಯ ಟೋಪಿ

ನನಗೆ ಹೆಣಿಗೆ ಚೆನ್ನಾಗಿ ಬರುತ್ತದೆ ಎಂದು ನಮ್ಮ ಬಳಗದಲ್ಲಿ ಎಲ್ಲರೂ ನಂಬಿದ್ದಾರೆ, ನಾನು ಹೆಣೆದದ್ದನ್ನು ತೊಟ್ಟ ಮಕ್ಕಳನ್ನು ಬಿಟ್ಟು. ನನ್ನ ಮಗನಿಗೆ ಹಾಕಿಕೊಟ್ಟ ಮೊದಲ ಸ್ವೆಟರಿನಲ್ಲಿ ಒಂದು ತೋಳು ಮೊಣಕೈಗೇ ನಿಂತಿತ್ತು, ಇನ್ನೊಂದು ಬೆರಳ ತುದಿ ದಾಟಿ ನೇತಾಡುತ್ತಿತ್ತು. ಅದನ್ನೇ ತೊಟ್ಟು ಸ್ಕೂಲಿಗೆ ಹೋಗಿಬಂದವನು, "ಕೈಗೆ ಏಟಾಯ್ತೇನೋ ಅಂತ ಮಿಸ್ಸು ಕೇಳಿದ್ರು" ಎಂದ. ಪಾಪ, ಒಳ್ಳೆಯ ಹುಡುಗ, ನಗಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾವಾಗ ಜಾಲಹಳ್ಳಿಯ ಕ್ವಾರ್ಟರ್ಸಿನಲ್ಲಿದ್ದೆವು. ಆಗಿನ ಚಳಿ ಅಂದರೆ ಚಳಿಯಪ್ಪ! ಗಂಡಸರು ಮಫ್ಲರ್ ಸುತ್ತಿಕೊಂಡು ಫ್ಯಾಕ್ಟರಿ ಬಸ್ಸು ಹತ್ತಿ ಅತ್ತ ಹೋದರೆ, ಇತ್ತ ನಾವು ಹೆಂಗಸರು ಮೆಟ್ಟಿಲ ಮೇಲೆ ಬಿಸಿಲು ಕಾಯಿಸುತ್ತಾ ಉಲ್ಲನ್ ಉಂಡೆ ಬಿಚ್ಚುತ್ತಿದ್ದೆವು. ನನ್ನ ಗುರು ಪಕ್ಕದ ಮನೆಯ ಮುಮ್ತಾಜ್ ಆಪಾ. ಮನೆಯವರ ಹತ್ತಿರ ಉರ್ದು, ನನ್ನ ಹತ್ತಿರ ಕನ್ನಡ, ಸೂಜಿಗಳ ಹತ್ತಿರ ಎರಡೂ ಮಾತಾಡುತ್ತಿದ್ದ ಹೆಂಗಸು. "ಎರಡು ಸೀದಾ, ಎರಡು ಉಲ್ಟಾ, ಅಷ್ಟೇ ಕಣ್ರೀ, ಇದ್ರಲ್ಲೇನಿದೆ?" ಎನ್ನುತ್ತಿದ್ದರು. ಇದರಲ್ಲಿ ಏನೇನಿದೆ ಎನ್ನುವುದು ನನ್ನ ಮಗನ ತೋಳುಗಳಿಗೆ ಗೊತ್ತು.

ಹೆಣೆಯುತ್ತಾ ಕೂತರೆ ಇಲ್ಲದ ಯೋಚನೆಗಳೆಲ್ಲ ಬರುತ್ತವೆ. ಕೈಲಾಸದಲ್ಲಿ ಅಷ್ಟೊಂದು ಹಿಮವಿದ್ದರೂ ಪಾರ್ವತಿ ಗಣಪನಿಗೊಂದು ಉಲ್ಲನ್ ಟೋಪಿ ಹಾಕಿಕೊಟ್ಟಳೆಂದು ಯಾವ ಹರಿಕಥೆಯವರೂ ಹೇಳಿದ್ದು ನಾನು ಕೇಳಿಲ್ಲ. ಬಹುಶಃ ಶುರು ಮಾಡಿದ್ದಳೋ ಏನೋ. ಅರ್ಧ ಆಗುವಷ್ಟರಲ್ಲಿ ತಲೆಯ ಅಳತೆಯೇ ಬದಲಾದರೆ ಆಕೆ ತಾನೇ ಏನು ಮಾಡಿಯಾಳು? ನನ್ನ ಟೋಪಿಯ ಕಥೆಯೂ ಸುಮಾರಾಗಿ ಇಂಥದ್ದೇ.

ಯಲಹಂಕದಲ್ಲಿದ್ದ ನನ್ನ ತಂಗಿ ಸುಮಿ ಬಸುರಿಯಾಗಿದ್ದಳು. ಅದಕ್ಕೆ ಮುಂಚೆ ಎರಡು ಸಲ ಆಸೆ ಹುಟ್ಟಿ ಕೈತಪ್ಪಿಹೋಗಿತ್ತು. ಹಾಗಾಗಿ ಈ ಸಲ ಅವಳು ಮುಂದಿನ ಮಾತನ್ನೇ ಆಡುತ್ತಿರಲಿಲ್ಲ. ತೊಟ್ಟಿಲು ಎಂದರೆ "ಆಗ ನೋಡೋಣ", ಹೆಸರು ಎಂದರೆ "ಆಗ ನೋಡೋಣ". ಹಬ್ಬಕ್ಕೆ ಬರ್ತೀಯೇನೇ ಎಂದರೂ ಅದೇ. ಹರಟುತ್ತಾ ನಗುತ್ತಿದ್ದ ಹುಡುಗಿ ಹೀಗೆ ಬಾಯಿಗೆ ಬೀಗ ಹಾಕಿಕೊಂಡದ್ದು ನೋಡಿ ಸುಮ್ಮನಿರಲು ನನ್ನಿಂದಾಗಲಿಲ್ಲ. ನನಗೆ ಬರುವುದಾದರೂ ಏನು? ಒಂದು ಟೋಪಿ ಹೆಣೆಯೋಣ ಎಂದು ಅರಿಶಿನದ ಬಣ್ಣದ ಉಲ್ಲನ್ ತಂದೆ.

ಅಳತೆಗೆ ಮಗುವಿನ ತಲೆ ಬೇಕಲ್ಲ! ದೇವನಹಳ್ಳಿಯಿಂದ ಯಾರೋ ತಂದುಕೊಟ್ಟಿದ್ದ ಚಕ್ಕೋತ ಅಡುಗೆಮನೆಯಲ್ಲಿತ್ತು. ದುಂಡಗೆ ಮುದ್ದಾಗಿ, ಕೂಸಿನ ತಲೆಯ ಹಾಗೇ ಕಂಡಿತು. ಅದನ್ನು ತೊಡೆಯ ಮೇಲಿಟ್ಟುಕೊಂಡು ಸುತ್ತಳತೆ ತೆಗೆಯುತ್ತಿರುವಾಗ, ನಮ್ಮಲ್ಲಿಗೆ ಬಂದಿದ್ದ ಅಮ್ಮ ನೋಡಿಬಿಟ್ಟಳು.

"ಯಾರಿಗೇ ಅದು?"

"ಚಕ್ಕೋತಕ್ಕೆ."

"ಯಾಕೆ, ಅದಕ್ಕೆ ನೆಗಡಿಯಾ?"

ನಕ್ಕವಳಿಗೆ ಮರುಕ್ಷಣ ಅರ್ಥವಾಯಿತು. ಮುಖ ಸಣ್ಣಗಾಯಿತು. "ಬೇಡ ಕಣೇ. ಹುಟ್ಟೋಕ್ಮುಂಚೆ ಮಗೂಗೆ ಹೊಸ ಬಟ್ಟೆ ಮಾಡಿಡಬಾರ್ದು" ಎಂದಳು. ನಮ್ಮಲ್ಲಿ ಅದು ರೂಢಿ. ಕೂಸಿಗೆ ಮೊದಲು ಸುತ್ತುವುದೂ ಅಜ್ಜನ ಹಳೆಯ ಪಂಚೆಯ ಚೂರನ್ನೇ. ಇಂಥದ್ದನ್ನೆಲ್ಲ ನಾನು ನಂಬುವವಳಲ್ಲ. ಆದರೆ ಸುಮಿಯ ವಿಷಯದಲ್ಲಿ ನಂಬದಿರುವ ಧೈರ್ಯವೂ ನನಗಿರಲಿಲ್ಲ.

ಆಪಾಗೆ ಹೇಳಿಕೊಂಡೆ. "ನಮ್ಮಲ್ಲೂ ಹಂಗೇನೇ" ಎಂದು ಉಲ್ಲನ್ ಉಂಡೆ ಕೈಗೆತ್ತಿಕೊಂಡು, "ಮುಗಿಸ್ಬೇಡಿ. ನೆತ್ತಿ ಮುಚ್ಬೇಡಿ, ಸೂಜಿ ಮೇಲೇ ಇರ್ಲಿ. ಸೂಜಿ ಮೇಲಿರೋ ತನಕ ಅದು ಬಟ್ಟೆ ಅಲ್ಲ, ಬರೀ ಉಲ್ಲನ್ನು!" ಎಂದರು. ಎಂಥಾ ವಕೀಲರಿಗೂ ಹೊಳೆಯದ ದಾರಿ! ಅಮ್ಮನೂ ಒಪ್ಪಿದಳು. ನೆತ್ತಿ ತೆರೆದ ಟೋಪಿ ಸೂಜಿಯ ಸಮೇತ ಟ್ರಂಕು ಸೇರಿತು. ಚಕ್ಕೋತವನ್ನು ನಾವೆಲ್ಲ ಉಪ್ಪು ಖಾರ ಹಚ್ಚಿಕೊಂಡು ತಿಂದೆವು.

ಎಂಟು ತುಂಬುವಷ್ಟರಲ್ಲೇ ಸುಮಿಗೆ ನೋವು ಬಂತು. ಹೆಣ್ಣುಮಗು, ತೂಕ ಬಹಳ ಕಮ್ಮಿ. ನಾಲ್ಕು ದಿನ ಡಾಕ್ಟರು ಏನನ್ನೂ ಗಟ್ಟಿಯಾಗಿ ಹೇಳಲಿಲ್ಲ. ನಾನು ಟೋಪಿಯನ್ನು ಚೀಲದಲ್ಲಿಟ್ಟುಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆ. ಅದನ್ನು ತೆಗೆದು ನೋಡಲೂ ಹೆದರಿಕೆ. ಐದನೆಯ ದಿನ ನರ್ಸು ಬಂದು, "ತಾಯಿ ಹತ್ರ ಕೊಡ್ತಿದೀವಿ. ತಲೆ ಬೆಚ್ಚಗಿರ್ಲಿ, ಟೋಪಿ ಇದ್ರೆ ಹಾಕಿ" ಎಂದಳು.

ಬೆಂಚಿನ ಮೇಲೇ ಟೋಪಿ ಹೊರತೆಗೆದೆ. ಸೂಜಿಯ ಮೇಲಿದ್ದ ಕುಣಿಕೆಗಳಲ್ಲೆಲ್ಲ ಎಳೆ ತೂರಿಸಿ, ಜಗ್ಗಿ, ನೆತ್ತಿ ಮುಚ್ಚಿ, ಅಂಚು ಹೊಲಿದೆ. ಓಡಿಹೋಗಿ ಸುಮಿಯ ಮಡಿಲಲ್ಲಿದ್ದ ಕೂಸಿಗೆ ತೊಡಿಸಿದೆ. ಟೋಪಿ ಹಣೆ ದಾಟಿತು, ಕಣ್ಣು ದಾಟಿತು, ಮೂಗು ದಾಟಿ ಗಲ್ಲಕ್ಕೆ ಬಂದು ನಿಂತಿತು! ಮಗು ಪೂರ್ತಿ ಮಾಯ. ಮೇಲೆತ್ತಿ ಮಡಚಿದರೆ ಮತ್ತೆ ಜಾರಿತು. ನಾಚಿಕೆಯಿಂದ ನನಗೆ ನೆಲಕ್ಕಿಳಿದುಹೋಗುವ ಹಾಗಾಯಿತು. ಅಮ್ಮ ತನ್ನ ಹಳೆಯ ಸೀರೆಯ ಚೂರನ್ನು ಮಗುವಿನ ತಲೆಗೆ ಸುತ್ತಿದಳು. ಟೋಪಿ ಸುಮಿಯ ಕೈಯಲ್ಲುಳಿಯಿತು.

"ಕೊಡೇ ಸುಮಿ, ಬಿಚ್ಚಿ ಚಿಕ್ಕದು ಮಾಡ್ಕೊಡ್ತೀನಿ" ಎಂದು ಕೈಚಾಚಿದೆ.

ಸುಮಿ ಟೋಪಿಯನ್ನು ಎದೆಗೆ ಒತ್ತಿಕೊಂಡಳು. "ಬಿಚ್ಬೇಡ ಅಕ್ಕ, ಹಂಗೇ ಇರ್ಲಿ. ಮುಂದಿನ ಚಳಿಗೆ ಇವಳಿಗೆ ಸರಿಹೋಗತ್ತೆ."

ಮುಂದಿನ ಚಳಿಗೆ! ಎಂಟು ತಿಂಗಳಿಂದ ಬರುವ ಹಬ್ಬದ ಮಾತನ್ನೂ ಆಡದಿದ್ದ ನನ್ನ ತಂಗಿ ಒಂದು ವರ್ಷ ಮುಂದಕ್ಕೆ ಹೋಗಿ ಕೂತಿದ್ದಳು. ಅಮ್ಮ ಆಗಲೇ ಮಡಚಿಟ್ಟಿದ್ದ ಬಟ್ಟೆಗಳನ್ನು ಬಿಚ್ಚಿ ಮತ್ತೆ ಮಡಚತೊಡಗಿದಳು. ನಾನು ಅತ್ತುಬಿಟ್ಟೆ.

ಮುಂದಿನ ಚಳಿ ಬಂತು. ತೊಡಿಸಿ ನೋಡಿದೆವು, ಟೋಪಿ ಆಗಲೂ ದೊಡ್ಡದೇ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಅದರ ಮುಂದಿನ ಚಳಿ ಇದ್ದೇ ಇತ್ತಲ್ಲ!